ಫಾದರ್, ನರ್ಸರಿ ಮಿಸ್ಸಿಗೆ ಮೊದಲು ಕನ್ನಡ ಕಲಿಸಿ!

ಅಂಗಡಿ ಬೋರ್ಡಿನಲ್ಲಿ ಶೇಕಡಾ 60 ಭಾಗ ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ಬಂತು. ಅದಕ್ಕೆ ಮುಂಚೆ, 2023ರ ಡಿಸೆಂಬರಿನಲ್ಲಿ, ನಮ್ಮ ಹುಡುಗರು ಬೀದಿಗಿಳಿದರು, ಜೈಲಿಗೂ ಹೋಗಿ ಬಂದರು. ಒಳ್ಳೆಯದೇ ಆಯಿತು. ಕನ್ನಡದ ನೆಲದಲ್ಲಿ ಕನ್ನಡ ಕಣ್ಣಿಗೆ ಬೀಳಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೆಳೆಯರೇ, ಒಂದು ಪ್ರಶ್ನೆ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಬೋರ್ಡಿಗೆ ಶೇಕಡಾ 60 ಆಯಿತು. ಮೂರು ವರ್ಷದ ಮಗುವಿನ ಕಿವಿಗೆ ಶೇಕಡಾ ಎಷ್ಟು?

ಬೆಂಗಳೂರಿನ ಯಾವುದೇ ಬಡಾವಣೆಯ ನರ್ಸರಿಗೆ ಹೋಗಿ ನೋಡಿ. ಮನೆಯಲ್ಲಿ ಅಚ್ಚಗನ್ನಡದಲ್ಲಿ ಹಟ ಮಾಡುತ್ತಿದ್ದ ಕೂಸು ಅಲ್ಲಿ ಮೂಕವಾಗಿ ಕೂತಿರುತ್ತದೆ. ಹೊಟ್ಟೆನೋವು ಅನ್ನಲು ಬಾರದು, ಅಮ್ಮ ಬೇಕು ಅನ್ನಲು ಬಾರದು. ಉಚ್ಚೆ ಬಂತು ಎಂದು ಹೇಳುವುದಕ್ಕೂ ಇಂಗ್ಲಿಷ್ ವಾಕ್ಯ ಒಪ್ಪಿಸಬೇಕು! ವಾಕ್ಯ ನೆನಪಿಗೆ ಬರುವಷ್ಟರಲ್ಲಿ ಚಡ್ಡಿ ಒದ್ದೆಯಾಗಿರುತ್ತದೆ. ಆಮೇಲೆ ಮಿಸ್ಸು ಡೈರಿಯಲ್ಲಿ ಬರೆದು ಕಳಿಸುತ್ತಾರೆ, "ನಿಮ್ಮ ಮಗು ಮಂಕು" ಎಂದು. ಮಂಕು ಮಗುವಲ್ಲ ಸ್ವಾಮಿ. ಮಗುವಿನ ಮಾತು ಕಿತ್ತುಕೊಂಡವರು ನಾವು.

ಇದಕ್ಕೆ ಮಿಸ್ಸನ್ನು ಬೈಯುವವರುಂಟು. ನಾನು ಬೈಯುವುದಿಲ್ಲ. ಆ ಹೆಣ್ಣುಮಗಳು ತುಮಕೂರಿನವಳೋ ಚನ್ನಪಟ್ಟಣದವಳೋ ಇರುತ್ತಾಳೆ, ಮನೆಯಲ್ಲಿ ಕನ್ನಡವೇ ಮಾತಾಡುತ್ತಾಳೆ. ಸಂಬಳ ಕೇಳಿದರೆ ನಮಗೇ ನಾಚಿಕೆಯಾಗಬೇಕು. ಆಕೆ ತನಗೆ ಕಲಿಸಿದ್ದನ್ನು ಮಕ್ಕಳಿಗೆ ಕಲಿಸುತ್ತಿದ್ದಾಳೆ, ಅಷ್ಟೇ. ಹಾಗಾದರೆ ಆಕೆಗೆ ಕಲಿಸಿದವರು ಯಾರು? ಏನು ಕಲಿಸಿದರು? ಈ ಪ್ರಶ್ನೆಯನ್ನು ಕನ್ನಡ ಚಳವಳಿ ಗಟ್ಟಿಯಾಗಿ ಕೇಳಿದ್ದನ್ನು ನಾನು ನೋಡಿಲ್ಲ. ಇವತ್ತು ಕೇಳೋಣ.

ಚಿನ್ನದಂಚಿನ ಸರ್ಟಿಫಿಕೇಟು

ನಾನು ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡವನು. ಓದಿದ್ದು ಪಿಯುಸಿ. ಏಪ್ರಿಲ್-ಮೇ ಬಂತೆಂದರೆ ನಮ್ಮ ಮೆಷಿನ್ನಿಗೆ ಬಿಡುವಿಲ್ಲ. ಒಂದು ಕಡೆ ಮದುವೆ ಪತ್ರಿಕೆ, ಇನ್ನೊಂದು ಕಡೆ ನರ್ಸರಿ ಅಡ್ಮಿಷನ್ನಿನ ಕರಪತ್ರ. ಮದುವೆ ಪತ್ರಿಕೆ ಇನ್ನೂ ಕನ್ನಡದಲ್ಲಿದೆ, ದೇವರು ದೊಡ್ಡವನು. ಕರಪತ್ರ ಮಾತ್ರ ತಲೆಯಿಂದ ಕಾಲಿನ ತನಕ ಇಂಗ್ಲಿಷ್. ಕನ್ನಡ ಬರುವುದು ಕಟ್ಟಕಡೆಯ ಸಾಲಿನಲ್ಲಿ, "ವ್ಯಾನ್ ಸೌಲಭ್ಯವಿದೆ" ಎನ್ನುವ ಜಾಗದಲ್ಲಿ!

ನರ್ಸರಿ ಟೀಚರ್ ತರಬೇತಿ ಕೇಂದ್ರಗಳ ಸರ್ಟಿಫಿಕೇಟೂ ನಮ್ಮಲ್ಲಿಗೆ ಬರುತ್ತದೆ. ಬೇಕರಿ ಮೇಲಿನ ಎರಡು ಕೋಣೆ, ಆರು ತಿಂಗಳೋ ಒಂದು ವರ್ಷವೋ ಕೋರ್ಸು, ದಪ್ಪ ಬೋರ್ಡಿನ ಮೇಲೆ ಚಿನ್ನದ ಬಣ್ಣದ ಅಂಚು. ಅವರ ಪಾಠದ ಪುಸ್ತಕದ ಪ್ರೂಫನ್ನೂ ನೋಡಿದ್ದೇನೆ. ಚಾರ್ಟು, ಕ್ರಾಫ್ಟು, ಫೋನಿಕ್ಸು, ರೈಮ್ಸು, ಎಲ್ಲ ಇದೆ. ಜಿ.ಪಿ. ರಾಜರತ್ನಂ ಅವರ ಒಂದೇ ಒಂದು ಶಿಶುಗೀತೆ ಇಲ್ಲ. ಅಜ್ಜಿ ಕತೆ ಹೇಗೆ ಹೇಳಬೇಕು ಎಂಬ ಪಾಠವಿಲ್ಲ. ಲಂಡನ್ ಸೇತುವೆ ಬೀಳುವುದು ಗೊತ್ತು, ಕಾವೇರಿ ಹರಿಯುವುದು ಗೊತ್ತಿಲ್ಲ.

ಈ ಚಿಕ್ಕ ಕೇಂದ್ರಗಳನ್ನು ಒಂದೊಂದಾಗಿ ಹಿಡಿದು ಜಗಳ ಮಾಡಿದರೆ ನಮ್ಮ ಆಯುಸ್ಸು ಸಾಲದು. ಇವರೆಲ್ಲ ತಲೆಯೆತ್ತಿ ನೋಡುವುದು ದೊಡ್ಡವರ ಕಡೆಗೆ. ದೊಡ್ಡ ವಿಶ್ವವಿದ್ಯಾಲಯ ಏನು ಮಾಡುತ್ತದೋ ಅದನ್ನು ನಕಲು ಮಾಡುತ್ತಾರೆ. ಆದ್ದರಿಂದ ಬುಡಕ್ಕೇ ಹೋಗಬೇಕು.

ಕಾನೂನಿನ ತೂತು ಎಲ್ಲಿದೆ?

ಯುವಕರು ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಗೋಕಾಕ್ ಚಳವಳಿಯ ಬಿಸಿ ಆರಿದ ಮೇಲೆ, 1994ರ ಏಪ್ರಿಲ್‌ನಲ್ಲಿ, ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಪಾಠ ಎಂದು ಸರಕಾರ ಆದೇಶ ಹೊರಡಿಸಿತು. ಖಾಸಗಿ ಶಾಲೆಯವರು ಕೋರ್ಟಿಗೆ ಹೋದರು. ಇಪ್ಪತ್ತು ವರ್ಷ ಕೇಸು ಎಳೆದಾಡಿ, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಮಾಧ್ಯಮ ಯಾವುದೆಂದು ಆರಿಸುವ ಹಕ್ಕು ತಂದೆ ತಾಯಿಯದು, ಸರಕಾರ ಖಾಸಗಿ ಶಾಲೆಯ ಮೇಲೆ ಹೇರುವಂತಿಲ್ಲ ಎಂದಿತು. ಆ ಬಾಗಿಲು ಅಲ್ಲಿಗೆ ಮುಚ್ಚಿತು.

2015ರಲ್ಲಿ ಕನ್ನಡ ಭಾಷಾ ಕಲಿಕೆ ಕಾಯ್ದೆ ಬಂತು. ಅದು ಹಿಡಿಯುವುದು ಒಂದನೇ ತರಗತಿಯಿಂದ. 2009ರ ಶಿಕ್ಷಣ ಹಕ್ಕು ಕಾಯ್ದೆ ಹಿಡಿಯುವುದು ಆರರಿಂದ ಹದಿನಾಲ್ಕು ವರ್ಷದವರನ್ನು. ಹಾಗಾದರೆ ಮೂರರಿಂದ ಆರರ ತನಕ? ಮಗುವಿನ ನಾಲಗೆ ತಿರುಗುವ, ಕಿವಿ ಅರಳುವ ಆ ಮೂರು ವರ್ಷಕ್ಕೆ ಈ ಎರಡು ಕಾಯ್ದೆಯ ಕೈಯೂ ಮುಟ್ಟುವುದಿಲ್ಲ. ತೂತು ಇರುವುದು ಇಲ್ಲೇ!

ಈಗ ಇನ್ನೊಂದು ಕಡೆ ನೋಡಿ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಮೂರರಿಂದ ಎಂಟು ವರ್ಷದ ಮಕ್ಕಳಿಗೆಂದೇ ಪಠ್ಯಕ್ರಮದ ಚೌಕಟ್ಟು ಹೊರತಂದಿತು. ನರ್ಸರಿಯಿಂದ ಎರಡನೇ ತರಗತಿವರೆಗೆ ಒಂದೇ ಘಟ್ಟ, ಮಗುವಿನ ಮನೆಮಾತೇ ಅದಕ್ಕೆ ತಳಪಾಯ ಎಂದು ಅದರಲ್ಲೇ ಬರೆದಿದೆ. ಆ ಘಟ್ಟದ ಶಿಕ್ಷಕರನ್ನು ತಯಾರು ಮಾಡಲು ಪಿಯುಸಿ ಆದ ಮೇಲೆ ನಾಲ್ಕು ವರ್ಷದ ಪದವಿ ಕೋರ್ಸನ್ನು ಎನ್‌ಸಿಟಿಇ ರೂಪಿಸಿ, 2023-24ರಿಂದ ದೇಶದಲ್ಲಿ ಶುರು ಮಾಡಿತು. ಅದಕ್ಕೂ ಮುಂಚಿನಿಂದ ಎರಡು ವರ್ಷದ ಡಿಪ್ಲೊಮಾ ಇತ್ತು. ಅಂದರೆ ಎಳೆ ಮಕ್ಕಳ ಶಿಕ್ಷಕಿ ಈಗ ಬೇಕರಿ ಮೇಲಿನ ಕೋಣೆಯಿಂದ ವಿಶ್ವವಿದ್ಯಾಲಯದ ಅಂಗಳಕ್ಕೆ ಬರುವ ಕಾಲ. ಶಾಲೆಯ ಮಾಧ್ಯಮದ ಬಾಗಿಲು ಮುಚ್ಚಿದರೂ ಶಿಕ್ಷಕಿಯ ತರಬೇತಿಯ ಬಾಗಿಲು ತೆರೆದಿದೆ. ಸುಪ್ರೀಂ ಕೋರ್ಟು ಈ ಬಾಗಿಲಿಗೆ ಬೀಗ ಹಾಕಿಲ್ಲ. ನಾವೇ ಒಳಗೆ ಹೋಗಿಲ್ಲ.

ಫಾದರ್‌ಗಳನ್ನೇ ಏಕೆ ಕೇಳಬೇಕು?

ಮೊದಲೇ ಹೇಳಿಬಿಡುತ್ತೇನೆ, ಇದು ಧರ್ಮದ ಜಗಳವಲ್ಲ. ಕನ್ನಡ ಚಳವಳಿಯೊಳಗೆ ಧರ್ಮದ ಕಡ್ಡಿ ಗೀರುವವರನ್ನು ಹೊರಗೆ ನಿಲ್ಲಿಸಿ. "ಕಾನ್ವೆಂಟ್" ಎಂಬ ಮಾತನ್ನೇ ತೆಗೆದುಕೊಳ್ಳಿ. ಅದು ಕ್ರೈಸ್ತ ಸನ್ಯಾಸಿನಿಯರು ಇರುವ ಮನೆಯ ಹೆಸರು. ನಮ್ಮಲ್ಲಿ ದೇವರ ಹೆಸರಿಗೆ, ಸ್ವಾಮಿಗಳ ಹೆಸರಿಗೆ, ಮಾಲೀಕನ ಅಜ್ಜಿ ಹೆಸರಿಗೂ "ಕಾನ್ವೆಂಟ್" ಅಂಟಿಸಿದವರು ಕ್ರೈಸ್ತರಲ್ಲ, ನಾವೇ! ಸಿಸ್ಟರ್‌ಗಳ ಶಾಲೆಯ ಶಿಸ್ತು ಬರಲಿಲ್ಲ, ಹೆಸರು ಮಾತ್ರ ಬಂತು.

ಹಾಗಾದರೆ ಅವರನ್ನೇ ಕೇಳುವುದೇಕೆ? ಅವರಿಗೆ ಶಕ್ತಿ ಇದೆ, ಜನರ ನಂಬಿಕೆ ಇದೆ. ಬೆಂಗಳೂರಿನ ಕ್ರೈಸ್ಟ್ ಕಾಲೇಜು 1969ರಲ್ಲಿ ಶುರುವಾಗಿ 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. 1882ರ ಸೇಂಟ್ ಜೋಸೆಫ್ಸ್ 2022ರಲ್ಲಿ ವಿಶ್ವವಿದ್ಯಾಲಯವಾಯಿತು. 1880ರಲ್ಲಿ ಹುಟ್ಟಿದ ಮಂಗಳೂರಿನ ಸೇಂಟ್ ಅಲೋಷಿಯಸ್ 2024ರಲ್ಲಿ ಡೀಮ್ಡ್ ಆಯಿತು. ತಮ್ಮ ಪಠ್ಯವನ್ನು ತಾವೇ ಬರೆದುಕೊಳ್ಳುವ ಸ್ವಾತಂತ್ರ್ಯ ಇಂಥವರಿಗೆ ಉಳಿದ ಕಾಲೇಜುಗಳಿಗಿಂತ ಹೆಚ್ಚು. ಇಂಥ ಸಂಸ್ಥೆಗಳಲ್ಲಿ ಯಾವುದು ಎಳೆ ಮಕ್ಕಳ ಶಿಕ್ಷಕಿಯರಿಗೆ ತರಬೇತಿ ಕೊಟ್ಟರೂ, ಮುಂದೆ ಕೊಡಲು ಹೊರಟರೂ, ನಮ್ಮ ಬೇಡಿಕೆ ಒಂದೇ. ಕನ್ನಡದಲ್ಲಿ ಮಗುವನ್ನು ಆಡಿಸಲು, ಹಾಡಿಸಲು, ಸಮಾಧಾನ ಮಾಡಲು ಬಾರದ ಶಿಕ್ಷಕಿಗೆ ಕರ್ನಾಟಕದ ನೆಲದಲ್ಲಿ ಪದವಿ ಕೊಡಬೇಡಿ.

ಇದು ನಾವು ಹೊರಗಿನಿಂದ ಹೇರುವ ಮಾತಲ್ಲ. ಅವರ ಹಿರಿಯರೇ ಹಾಕಿಕೊಟ್ಟ ದಾರಿ.

ಕೊಮೇನಿಯಸ್ ಎಂಬ ಕ್ರೈಸ್ತ ಬಿಷಪ್ ಇದ್ದರು, ಈಗಿನ ಚೆಕ್ ದೇಶದವರು, 1592ರಿಂದ 1670ರವರೆಗೆ ಬದುಕಿದ್ದವರು. ಯೂರೋಪಿನಲ್ಲಿ ಆಗ ಲ್ಯಾಟಿನ್ ಎಂದರೆ ಇವತ್ತಿನ ಇಂಗ್ಲಿಷ್ ಇದ್ದ ಹಾಗೆ. ಓದಿದವನು ಅನ್ನಿಸಿಕೊಳ್ಳಬೇಕಾದರೆ ಲ್ಯಾಟಿನ್. ಆದರೂ ಈ ಮನುಷ್ಯ ಏನಂದರು? ಆರು ವರ್ಷದ ತನಕ ತಾಯಿಯ ಮಡಿಲೇ ಶಾಲೆ, ಹನ್ನೆರಡರ ತನಕ ತಾಯ್ನುಡಿಯ ಶಾಲೆ, ಲ್ಯಾಟಿನ್ ಏನಿದ್ದರೂ ಆಮೇಲೆ. ಎಳೆ ಮಕ್ಕಳ ಶಿಕ್ಷಣದ ಬಗ್ಗೆ ಅವರು ಪುಸ್ತಕ ಬರೆದದ್ದೂ ತಮ್ಮ ಚೆಕ್ ನುಡಿಯಲ್ಲಿ, ತಾಯಂದಿರು ಓದಲಿ ಎಂದು.

ಕಿಂಡರ್‌ಗಾರ್ಟನ್ ಎಂಬ ಹೆಸರು ಕೊಟ್ಟ ಜರ್ಮನಿಯ ಫ್ರೋಬೆಲ್ ಒಬ್ಬ ಪಾದ್ರಿಯ ಮಗ. 1840ರಲ್ಲಿ ಆ ಹೆಸರಿಟ್ಟರು. ನಾಲ್ಕೇ ವರ್ಷಕ್ಕೆ ಅವರು ಹೊರತಂದ ಪುಸ್ತಕ ಯಾವುದು ಗೊತ್ತೇ? ತಾಯಿ ಮಗುವನ್ನು ಆಡಿಸುವಾಗ ಹಾಡುವ ಹಾಡುಗಳು, ಬೆರಳಿನ ಆಟಗಳು, ತಾಯಂದಿರ ಮಾತಿನಲ್ಲೇ. ನಮ್ಮ ಎಲ್‌ಕೆಜಿಯ "ಕೆ" ಇದೇ ಕಿಂಡರ್‌ಗಾರ್ಟನ್ನಿನದು. ಅಕ್ಷರ ಉಳಿಸಿಕೊಂಡೆವು, ಅದರೊಳಗಿನ ತಾಯಿಯನ್ನು ಹೊರಗೆ ಹಾಕಿದೆವು!

ಅಚ್ಚುಮೊಳೆಯ ಋಣ

ನಮ್ಮ ನೆಲದ ಕತೆ ಇನ್ನೂ ದೊಡ್ಡದು. ಪ್ರೆಸ್ಸಿನವನಾಗಿ ಇದನ್ನು ಹೇಳುವಾಗ ನನಗೆ ಕೈಮುಗಿಯಬೇಕು ಅನ್ನಿಸುತ್ತದೆ. ವಿಲಿಯಂ ಕೇರಿ ಬಂಗಾಳದ ಸೆರಾಂಪುರದಲ್ಲಿ ಕೂತು 1817ರಲ್ಲಿ ಕನ್ನಡ ವ್ಯಾಕರಣ ಅಚ್ಚು ಹಾಕಿಸಿದರು. ಮರುವರ್ಷ, 1818ರಲ್ಲಿ, ಅವರೂ ಅವರ ಜೊತೆಯವರೂ ಅಲ್ಲಿ ಕಾಲೇಜು ಕಟ್ಟಿದರು. 1827ರಲ್ಲಿ ಡೆನ್ಮಾರ್ಕಿನ ರಾಜನ ಸನ್ನದಿನಿಂದ ಅದಕ್ಕೆ ಪದವಿ ಕೊಡುವ ಅಧಿಕಾರ ಸಿಕ್ಕಿತು. ಈ ದೇಶದಲ್ಲಿ ಕ್ರೈಸ್ತ ವಿಶ್ವವಿದ್ಯಾಲಯದ ಬೇರು ಹುಡುಕಿದರೆ, ಪಕ್ಕದಲ್ಲೇ ಕನ್ನಡದ ಅಚ್ಚುಮೊಳೆ ಸಿಗುತ್ತದೆ.

ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು "ಮಂಗಳೂರ ಸಮಾಚಾರ"ವನ್ನು ಕಲ್ಲಚ್ಚಿನಲ್ಲಿ ತೆಗೆದರು. ಕನ್ನಡದ ಮೊದಲ ಪತ್ರಿಕೆ ಅದು. ಜುಲೈ 1ನ್ನು ನಾವು ಪತ್ರಿಕಾ ದಿನ ಎಂದು ಆಚರಿಸುವುದು ಅದಕ್ಕೇ. ಫರ್ಡಿನೆಂಡ್ ಕಿಟ್ಟೆಲ್ ದಶಕಗಳ ಕಾಲ ಕಣ್ಣು ಸವೆಸಿ ಕಟ್ಟಿದ ನಿಘಂಟು 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಇವರು ಧರ್ಮ ಹೇಳಲು ಬಂದವರು, ಅದರಲ್ಲಿ ಗುಟ್ಟೇನಿಲ್ಲ. ಆದರೆ ಜನರ ಹತ್ತಿರ ಮಾತಾಡಬೇಕಾದರೆ ಮೊದಲು ಜನರ ಮಾತು ಕಲಿಯಬೇಕು ಎಂಬ ಬುದ್ಧಿ ಅವರಿಗಿತ್ತು. ಸಮುದ್ರ ದಾಟಿ ಬಂದ ಜರ್ಮನ್ ಪಾದ್ರಿಗೆ ಕನ್ನಡ ಕಲಿಯಲು ಆಯಿತು. ಹೊಸೂರು ರಸ್ತೆಯಲ್ಲಿ ಓದುವ ಟೀಚರ್ ಟ್ರೈನಿಗೆ ಆಗುವುದಿಲ್ಲವೇ?

ಕ್ರೈಸ್ಟ್ ಸಂಸ್ಥೆಯನ್ನು ಕಟ್ಟಿದ್ದು ಸಿಎಂಐ ಎಂಬ ಸನ್ಯಾಸಿಗಳ ಸಭೆ. ಅದರ ಸ್ಥಾಪಕರಲ್ಲಿ ಒಬ್ಬರು ಕೇರಳದ ಚಾವರ ಕುರಿಯಾಕೋಸ್ ಎಲಿಯಾಸ್. 2014ರಲ್ಲಿ ಸಂತರೆಂದು ಘೋಷಿತರಾದವರು. ಇವರು 1846ರಲ್ಲಿ ಮಾನ್ನಾನಂ ಎಂಬ ಊರಲ್ಲಿ ಮರದ ಅಚ್ಚುಯಂತ್ರ ಮಾಡಿಸಿ ಪ್ರೆಸ್ ಹಾಕಿದರು. ಅದರ ಮಾದರಿಯನ್ನು ಮೊದಲು ಬಾಳೆದಿಂಡಿನಲ್ಲಿ ಮಾಡಿ ನೋಡಿದರು ಎಂದು ಹೇಳುತ್ತಾರೆ. ಪ್ರತಿ ಚರ್ಚಿನ ಪಕ್ಕ ಒಂದು ಶಾಲೆ ಇರಲಿ ಎಂದವರೂ ಅವರೇ. ಆ ಹಿರಿಯರು ಮಲಯಾಳಂ ನುಡಿಗೆ ಮಾಡಿದ್ದನ್ನು ಅವರ ಹೆಸರು ಹೇಳುವವರು ಇಲ್ಲಿ ಕನ್ನಡಕ್ಕೆ ಮಾಡಲಿ. ಇದು ದುರಾಸೆಯೇ?

ಮಾಡಿದ್ದಾರೆ ಕೂಡ! ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘವನ್ನು ನೆನಪಿಸಿಕೊಳ್ಳಿ. ಅಲ್ಲಿ ಕನ್ನಡ ಮೇಷ್ಟ್ರಾಗಿದ್ದ ಚಿ. ಶ್ರೀನಿವಾಸರಾಜು ಅವರು 1970ರ ದಶಕದಿಂದ ಕಾಲೇಜು ಹುಡುಗ ಹುಡುಗಿಯರ ಕವಿತೆ, ಕತೆಗಳನ್ನು ಕಡಿಮೆ ಬೆಲೆಯ ಪುಸ್ತಕ ಮಾಡಿ ಹಂಚಿದರು. ಮುಂದೆ ಹೆಸರಾದ ಎಷ್ಟೋ ಲೇಖಕರು ಮೊದಲು ಅಚ್ಚಾದದ್ದು ಅಲ್ಲಿ. ಕ್ರೈಸ್ತ ಸನ್ಯಾಸಿಗಳ ಕಾಲೇಜು, ಇಂಗ್ಲಿಷಿನ ಕೋಟೆ ಎಂದು ಜನ ಅನ್ನುವ ಜಾಗ, ಅಲ್ಲೇ ಕನ್ನಡದ ದೀಪ ಉರಿಯಿತು. ಒಬ್ಬ ಮೇಷ್ಟ್ರು ಮನಸ್ಸು ಮಾಡಿದರು, ಫಾದರ್‌ಗಳು ಜಾಗ ಕೊಟ್ಟರು. ಹದಿನೆಂಟರ ಹುಡುಗನಿಗೆ ಆದದ್ದು ಮೂರರ ಕೂಸಿಗೆ ಏಕಾಗಬಾರದು?

ಇನ್ನೊಂದು ಮಾತು. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಪೂಜೆಯಲ್ಲಿ ಜನರ ನುಡಿಯನ್ನು ಬಳಸಲು ಒಪ್ಪಿತು. ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡದ ಪೂಜೆಗಾಗಿ ಕನ್ನಡ ಕ್ರೈಸ್ತರು ಹೋರಾಡಿದ್ದು ನಿಮಗೆ ಗೊತ್ತಿದೆ. ಅವರು ನಮ್ಮವರು. ದೇವರ ಹತ್ತಿರ ತಾಯ್ನುಡಿಯಲ್ಲಿ ಮಾತಾಡಬಹುದು ಎಂದ ಮೇಲೆ, ದೇವರ ಸಮಾನವಾದ ಮಗುವಿನ ಹತ್ತಿರ ಮಾತಾಡಲು ಏನು ಅಡ್ಡಿ?

ಗುಜರಾತಿ, ಮರಾಠಿಯವರು ಮಾಡಿದ್ದು

ಇದು ಆಗುವ ಕೆಲಸವೇ ಎಂದು ಅನುಮಾನಪಡುವವರು ಪಕ್ಕಕ್ಕೆ ನೋಡಲಿ. ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ತೆರೆದರು. ವೃತ್ತಿಯಿಂದ ವಕೀಲರು. ಇಟಲಿಯ ಮಾಂಟೆಸ್ಸರಿ ಅವರ ಪದ್ಧತಿಯನ್ನು ತೆಗೆದುಕೊಂಡರು, ಆದರೆ ಹಾಡು, ಕತೆ, ಮಾತು ಎಲ್ಲ ಗುಜರಾತಿ. ಶಿಕ್ಷಕರ ತರಬೇತಿಯೂ ಗುಜರಾತಿಯಲ್ಲಿ. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ ಮುಂದೆ ಮಹಾರಾಷ್ಟ್ರದ ಬೋರ್ಡಿ, ಕೋಸಬಾಡಗಳಲ್ಲಿ ಅನುತಾಯಿ ವಾಘ್ ಅವರನ್ನು ಕೂಡಿಕೊಂಡು ಆದಿವಾಸಿ ಮಕ್ಕಳ ಅಂಗಳಕ್ಕೇ ಶಾಲೆಯನ್ನು ಒಯ್ದರು. ಅಂಗನವಾಡಿ ಎಂಬ ಕಲ್ಪನೆ ಮೊಳೆತದ್ದು ಅಲ್ಲಿ. ಮಾಂಟೆಸ್ಸರಿಯವರೇ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ಸಾವಿರಕ್ಕೂ ಹೆಚ್ಚು ಭಾರತೀಯ ಶಿಕ್ಷಕರಿಗೆ ತರಬೇತಿ ಕೊಟ್ಟರು. ವಿದ್ಯೆ ಹೊರಗಿನಿಂದ ಬರಲಿ, ಬೇಡ ಅನ್ನುವವರಾರು? ನಾಲಗೆ ಮಾತ್ರ ಈ ನೆಲದ್ದಿರಲಿ.

ನಮ್ಮಲ್ಲಿ ಸರಕು ಕಡಿಮೆಯೇ? ಪಂಜೆ ಮಂಗೇಶರಾಯರು 1921ರಲ್ಲೇ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು. ರಾಜರತ್ನಂ ಇದ್ದಾರೆ, ದಿನಕರ ದೇಸಾಯಿ ಇದ್ದಾರೆ, ಶಿವರಾಮ ಕಾರಂತರ ಪುತ್ತೂರಿನ ಬಾಲವನ ಇದೆ. ಹಳ್ಳಿಯ ಅಜ್ಜಿಯರ ಬಾಯಲ್ಲಿ ಒಗಟು, ಗಾದೆ, ಲಾಲಿಹಾಡು ರಾಶಿ ಬಿದ್ದಿವೆ. ಸರಕಿದೆ. ಅದನ್ನು ಮಿಸ್ಸಿನ ಕೈಗೆ ತಲುಪಿಸುವ ಗಾಡಿ ಇಲ್ಲ.

ಎದುರು ಮಾತಿಗೆ ಉತ್ತರ

"ಇಂಗ್ಲಿಷ್ ಅನ್ನದ ಭಾಷೆ" ಎನ್ನುತ್ತಾರೆ. ಇರಲಿ, ಅನ್ನ ಉಣ್ಣುವ ವಯಸ್ಸಿಗೆ ಅನ್ನ ಕೊಡಿ. ಮೊಲೆಹಾಲಿನ ವಯಸ್ಸಿಗೆ ಮುದ್ದೆ ತುರುಕಿದರೆ ಮಗು ಬದುಕುತ್ತದೆಯೇ? ಮಗು ಮೊದಲು ಕಲಿಯಲು ಯೋಗ್ಯವಾದದ್ದು ತಾಯ್ನುಡಿಯಲ್ಲೇ ಎಂದು ಯುನೆಸ್ಕೋ ವರದಿ 1953ರಲ್ಲೇ ಹೇಳಿತು. ಇಂಗ್ಲಿಷ್ ಬೇಡ ಎಂದು ನಾನು ಹೇಳುತ್ತಿಲ್ಲ. ಕನ್ನಡ ಬರುವ ಮಿಸ್ಸು ಇಂಗ್ಲಿಷನ್ನೂ ಚೆನ್ನಾಗಿ ಕಲಿಸುತ್ತಾಳೆ, ಏಕೆಂದರೆ ಮಗುವಿಗೆ ಎಲ್ಲಿ ಅರ್ಥವಾಗಲಿಲ್ಲ ಎಂಬುದು ಆಕೆಗೆ ಗೊತ್ತಾಗುತ್ತದೆ.

"ಬೆಂಗಳೂರಿನಲ್ಲಿ ತಮಿಳು, ತೆಲುಗು, ಉರ್ದು ಮನೆಯ ಮಕ್ಕಳೂ ಇದ್ದಾರಲ್ಲ" ಎನ್ನುತ್ತಾರೆ. ಇದು ನ್ಯಾಯವಾದ ಮಾತು. ಭಾಷಾ ಅಲ್ಪಸಂಖ್ಯಾತರ ಮಕ್ಕಳ ಮಾತೃಭಾಷೆಗೆ ಸಂವಿಧಾನದ 350ಎ ವಿಧಿಯೇ ಕಾವಲಿದೆ. ಆ ಮಗು ಅಳುವಾಗ ಅದರ ಮಾತಿನಲ್ಲಿ ನಾಲ್ಕು ಶಬ್ದ ಆಡುವುದನ್ನೂ ಶಿಕ್ಷಕಿ ಕಲಿಯಲಿ. ಆದರೆ ಆ ನೆಪ ಹೇಳಿ ಎಲ್ಲ ಮಕ್ಕಳಿಗೂ ಇಂಗ್ಲಿಷಿನ ಒಂದೇ ಕೋಲು ತೋರಿಸುವುದು ಯಾವ ನ್ಯಾಯ? ಬೀದಿಯಲ್ಲಿ ಆಡುವಾಗ ಈ ಮಕ್ಕಳನ್ನು ಕೂಡಿಸುವುದು ಕನ್ನಡವೇ.

"ನಮಗೆ ಅಲ್ಪಸಂಖ್ಯಾತರ ಹಕ್ಕಿದೆ" ಎಂದು ಸಂಸ್ಥೆಗಳು ಹೇಳಬಹುದು. ಸಂವಿಧಾನದ 30ನೇ ವಿಧಿ ಕೊಟ್ಟ ಹಕ್ಕು ಅದು, ನಾವು ಕೈ ಹಾಕುವುದಿಲ್ಲ. ಸಂಸ್ಥೆ ನಡೆಸುವುದು ನಿಮ್ಮ ಹಕ್ಕು. ನಿಮ್ಮ ಹತ್ತಿರ ಕಲಿತವರ ಕೈಗೆ ತನ್ನನ್ನು ಒಪ್ಪಿಸುವ ಮಗುವಿಗೂ ಒಂದು ಹಕ್ಕಿದೆ.

ನಾವು ಕೇಳಬೇಕಾದ್ದು ಇಷ್ಟು

ಒಂದು: ಎಳೆ ಮಕ್ಕಳ ಶಿಕ್ಷಕಿಯರ ಪ್ರತಿ ಕೋರ್ಸಿನಲ್ಲೂ ಕನ್ನಡ ಪ್ರಾಯೋಗಿಕ ವಿಷಯವಾಗಲಿ. ಪರೀಕ್ಷೆ ಕಾಗದದ ಮೇಲೆ ಬೇಡ. ಹತ್ತು ಮಕ್ಕಳನ್ನು ಮುಂದೆ ಕೂರಿಸಿ, ಅರ್ಧ ಗಂಟೆ ಕನ್ನಡದಲ್ಲಿ ಕತೆ ಹೇಳಿ ಹಿಡಿದಿಟ್ಟುಕೊಂಡರೆ ಪಾಸು.

ಎರಡು: ತರಬೇತಿಯ ಒಂದು ಭಾಗ ಅಂಗನವಾಡಿಯಲ್ಲಿ ನಡೆಯಲಿ. 1975ರ ಅಕ್ಟೋಬರ್ 2ರಂದು ನಮ್ಮ ರಾಜ್ಯದ ಟಿ. ನರಸೀಪುರದಲ್ಲಿ ಶುರುವಾದ ಈ ಯೋಜನೆಯಲ್ಲಿ ಇವತ್ತು 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ಅಲ್ಲಿನ ಟೀಚರಮ್ಮನಿಗೆ ಚಿನ್ನದಂಚಿನ ಸರ್ಟಿಫಿಕೇಟಿಲ್ಲ, ಆದರೆ ಮಗುವನ್ನು ಕನ್ನಡದಲ್ಲಿ ಮಾತಾಡಿಸುವುದು ಗೊತ್ತು. ವಿಶ್ವವಿದ್ಯಾಲಯದ ಹುಡುಗಿಯರು ಆಕೆಯಿಂದ ಕಲಿಯಲಿ. ಆಕೆಗೆ ತಮ್ಮಿಂದ ಆದದ್ದನ್ನು ಕಲಿಸಲಿ.

ಮೂರು: ಹೊರರಾಜ್ಯದಿಂದ ಬರುವ ವಿದ್ಯಾರ್ಥಿನಿಯರಿಗೆ ಮೊದಲ ವರ್ಷವೇ ಮಾತಾಡುವ ಕನ್ನಡ ಕಲಿಸಿ. ಬಂದವರನ್ನು ಓಡಿಸಿ ಎನ್ನುತ್ತಿಲ್ಲ, ಸೇರಿಸಿಕೊಳ್ಳಿ ಎನ್ನುತ್ತಿದ್ದೇನೆ.

ನಾಲ್ಕು: ಪ್ರತಿ ಸಂಸ್ಥೆ ಕನ್ನಡದ ಶಿಶುಗೀತೆ, ಕತೆ, ಬೆರಳಾಟಗಳ ಒಂದು ಕೈಪಿಡಿ ತರಲಿ. ಅಗ್ಗದ ಬೆಲೆಗೆ ಎಲ್ಲ ಚಿಕ್ಕ ನರ್ಸರಿಗಳಿಗೂ ಸಿಗಲಿ.

ಈ ಕೆಲಸಕ್ಕೆ ಕಲ್ಲು ಬೇಡ, ಮಸಿ ಬೇಡ. ಸರಕಾರವನ್ನು ನಂಬಿ ಕೂರುವಂತೆಯೂ ಇಲ್ಲ. 2019-20ರಲ್ಲಿ ತನ್ನ ಸಾವಿರ ಶಾಲೆಗಳಲ್ಲಿ ತಾನೇ ಇಂಗ್ಲಿಷ್ ಮಾಧ್ಯಮ ತೆರೆದ ಸರಕಾರ ಇದು! ಹೋಗಬೇಕಾದವರು ನೀವು. ಐದು ಜನ ಅಚ್ಚುಕಟ್ಟಾಗಿ ಮನವಿ ಬರೆದುಕೊಂಡು ಕುಲಪತಿಗಳ ಹತ್ತಿರ ಹೋಗಿ. ಜೊತೆಯಲ್ಲಿ ಕನ್ನಡ ಕ್ರೈಸ್ತ ಗೆಳೆಯರನ್ನು ಮುಂದಿಟ್ಟುಕೊಂಡು ಹೋಗಿ. ಮರ್ಯಾದೆಯಿಂದ ಕೇಳಿ, ಉತ್ತರವನ್ನು ಲಿಖಿತವಾಗಿ ಪಡೆಯಿರಿ. ಕೊಡದಿದ್ದರೆ ಮತ್ತೆ ಹೋಗಿ. ನಿಮ್ಮ ಅಕ್ಕ ತಂಗಿಯರಲ್ಲಿ ಯಾರಾದರೂ ಈ ಕೋರ್ಸು ಓದುತ್ತಿದ್ದರೆ ಅವರೇ ತರಗತಿಯಲ್ಲಿ ಎದ್ದು ನಿಂತು ಕೇಳಲಿ: "ಮೇಡಂ, ಕನ್ನಡದ ಹಾಡು ಯಾವಾಗ ಕಲಿಸುತ್ತೀರಿ?"

ಮತ್ತೆ, ವೇದಿಕೆಯ ಮೇಲೆ ಭುವನೇಶ್ವರಿಗೆ ಜೈ ಎಂದು ಕೂಗಿ ಮನೆಗೆ ಹೋಗಿ "ಮಮ್ಮಿ ಅನ್ನು ಪುಟ್ಟ" ಎನ್ನುವ ನಮ್ಮ ನಾಯಕರಿಗೂ ಒಂದು ಮಾತು. ಮಗುವನ್ನು ನರ್ಸರಿಗೆ ಸೇರಿಸುವ ದಿನ ಫೀಸು ಎಷ್ಟು ಎಂದು ಕೇಳುವ ಮುಂಚೆ, ಮಿಸ್ಸಿಗೆ ಕನ್ನಡದ ಹಾಡು ಎಷ್ಟು ಬರುತ್ತದೆ ಎಂದು ಕೇಳಿ. ನೂರು ತಂದೆ ತಾಯಿ ಈ ಒಂದು ಪ್ರಶ್ನೆ ಕೇಳಿದರೆ, ನಮ್ಮ ಪ್ರೆಸ್ಸಿಗೆ ಬರುವ ಮುಂದಿನ ವರ್ಷದ ಕರಪತ್ರದಲ್ಲೇ ಉತ್ತರ ಅಚ್ಚಾಗಿರುತ್ತದೆ.

ಕೈಪಿಡಿಯ ಖರ್ಚು ಯಾರು ಕೊಡುತ್ತಾರೆ ಎಂದು ಯಾವುದಾದರೂ ಸಂಸ್ಥೆ ಕೇಳಿದರೆ ಈ ಪತ್ರಿಕೆಯವರಿಗೆ ತಿಳಿಸಲಿ. ಮೊದಲ ಸಾವಿರ ಪ್ರತಿಗೆ ಕಾಗದದ ದುಡ್ಡು ಕೊಟ್ಟರೆ ಸಾಕು. ಅಚ್ಚಿನ ಕೂಲಿ ನಾನು ತೆಗೆದುಕೊಳ್ಳುವುದಿಲ್ಲ.